ಬೆಳಗಾವಿಯ ಗಲ್ಲಿಗಳಿಗೆ ಅಂಕ ಹಾಕಿದ ಬಗೆ

ಬೆಳಗಾವಿಯಲ್ಲಿ ಮನೆಗಳಿಗೆ ಪೈಪಿನಲ್ಲಿ ಗ್ಯಾಸ್ ಕೊಡುವ ಜಾಲದ ಸುರಕ್ಷತೆ ನೋಡಿಕೊಳ್ಳುವುದು ನನ್ನ ಕೆಲಸ. ಮದುವೆ ಊಟಕ್ಕೆ ಕೂತಾಗ ಪಕ್ಕದವರಿಗೆ ಇದು ಗೊತ್ತಾದರೆ ಸಾಕು, ಒಂದು ಪ್ರಶ್ನೆ ಬಂದೇ ಬರುತ್ತದೆ. "ನೆಲದಾಗ ಗ್ಯಾಸ್ ಐತಿ ಅಂತೀರಿ, ಸಿಡಿದ್ರ ಹೆಂಗ್ರೀ?" ಪ್ರಶ್ನೆ ಸರಿಯಾದದ್ದೇ. ಆದರೆ ಎಲ್ಲಿ ಅಪಾಯ ಇದೆ ಎಂಬ ಬಗ್ಗೆ ಜನರ ಊಹೆ ಒಂದು ಕಡೆ ಇರುತ್ತದೆ, ನಿಜ ಇನ್ನೊಂದು ಕಡೆ. ಈ ಕ್ಷೇತ್ರದವರ ಕಾಗದದ ಲೆಕ್ಕವೂ ಹಲವು ಸಲ ಜನರ ಊಹೆಯ ಪಕ್ಕದಲ್ಲೇ ನಿಂತಿರುತ್ತದೆ. ನಮ್ಮ ತಂಡ ಆ ಲೆಕ್ಕವನ್ನು ಬೇರೆ ರೀತಿ ಮಾಡಿ ನೋಡಿತು. ಅದರ ಬಗ್ಗೆ ಬರೆಯುತ್ತೇನೆ.

ಮೊದಲು ಗ್ಯಾಸ್ ಬರುವ ದಾರಿ. ಮಹಾರಾಷ್ಟ್ರದ ದಾಭೋಳದಿಂದ ಬೆಂಗಳೂರಿಗೆ ಹೋಗುವ ಗೇಲ್ ಕಂಪನಿಯ ಪೈಪ್‌ಲೈನ್ ನಮ್ಮ ಜಿಲ್ಲೆಯನ್ನು ಹಾದು ಹೋಗುತ್ತದೆ. 2013ರಲ್ಲಿ ಅದು ಚಾಲೂ ಆಯಿತು. ಇಂಥ ದೊಡ್ಡ ಲೈನಿನಿಂದ ಊರಿಗೆ ಗ್ಯಾಸ್ ಇಳಿಯುವ ಜಾಗಕ್ಕೆ ಸಿಟಿ ಗೇಟ್ ಸ್ಟೇಷನ್ ಎನ್ನುತ್ತಾರೆ. ಅಲ್ಲಿ ಗ್ಯಾಸಿಗೆ ವಾಸನೆ ಸೇರಿಸಿ, ಒತ್ತಡ ಇಳಿಸಿ, ಉಕ್ಕಿನ ಪೈಪಿಗೆ ಬಿಡುತ್ತಾರೆ. ಉಕ್ಕಿನ ಲೈನಿನಲ್ಲಿ 49 ಬಾರ್‌ವರೆಗೂ ಒತ್ತಡ ಇರಬಹುದು (ಒಂದು ಬಾರ್ ಅಂದರೆ ಹೆಚ್ಚುಕಡಿಮೆ ನಮ್ಮ ಸುತ್ತಲಿನ ಗಾಳಿಯ ಒತ್ತಡದಷ್ಟು). ಬಡಾವಣೆಗಳ ಹತ್ತಿರ ಡಿಆರ್‌ಎಸ್ ಎಂಬ ಕಬ್ಬಿಣದ ಪೆಟ್ಟಿಗೆಯಂಥ ಸ್ಟೇಷನ್ ಇರುತ್ತದೆ. ಅದು ಒತ್ತಡವನ್ನು 4 ಬಾರ್‌ಗೆ ತರುತ್ತದೆ. ಅಲ್ಲಿಂದ ಮುಂದೆ ಪ್ಲಾಸ್ಟಿಕ್ ಪೈಪು, ಎಂಡಿಪಿಇ. ಹಳದಿ ಅಥವಾ ಕಿತ್ತಳೆ ಬಣ್ಣದ್ದು. ದೊಡ್ಡ ರಸ್ತೆಯಲ್ಲಿ 125 ಮಿಲಿಮೀಟರ್, ಗಲ್ಲಿಯಲ್ಲಿ 63 ಅಥವಾ 32, ಮನೆಗೆ 20. ಕೊನೆಗೆ ಒಲೆಯ ಹತ್ತಿರ ಬರುವಾಗ ಒತ್ತಡ ಬರೀ 21 ಮಿಲಿಬಾರ್.

ಈ ಅಂಕಿಗಳನ್ನು ನೋಡಿದವರು ಯಾವುದು ಜಾಸ್ತಿ ಅಪಾಯ ಎನ್ನುತ್ತಾರೆ? 49 ಬಾರ್ ಉಕ್ಕಿನ ಪೈಪು, ಅಲ್ವಾ? ಕಾಗದದ ಲೆಕ್ಕವೂ ಅದನ್ನೇ ಹೇಳುತ್ತಿತ್ತು. ಪೈಪು ಯಾವುದು, ವ್ಯಾಸ ಎಷ್ಟು, ಒತ್ತಡ ಎಷ್ಟು, ಹಾಕಿ ಎಷ್ಟು ವರ್ಷ ಆಯಿತು ಎಂಬುದರ ಮೇಲೆ ಅಂಕ. ಪಿಎನ್‌ಜಿಆರ್‌ಬಿ, ಅಂದರೆ ಪೆಟ್ರೋಲಿಯಂ ಮತ್ತು ನೈಸರ್ಗಿಕ ಅನಿಲ ನಿಯಂತ್ರಣ ಮಂಡಳಿ, ನಗರ ಗ್ಯಾಸ್ ಜಾಲಗಳ ತಾಂತ್ರಿಕ ಮತ್ತು ಸುರಕ್ಷತಾ ನಿಯಮಗಳನ್ನು 2008ರಲ್ಲಿ ತಂದಿತು. 2010ರಲ್ಲಿ ತುರ್ತು ಸ್ಪಂದನೆಯ ನಿಯಮ, 2013ರಲ್ಲಿ ಜಾಲದ ಗಟ್ಟಿತನ ಕಾಯುವ ನಿಯಮ ಬಂದವು. ಅಪಾಯದ ಲೆಕ್ಕ ಹಾಕಲೇಬೇಕು, ಆಡಿಟ್ ಆಗಲೇಬೇಕು. ಅದೆಲ್ಲ ಸರಿಯೇ. ಆದರೆ ನಿಯಮ ಎಲ್ಲ ಊರಿಗೂ ಒಂದೇ. ನಮ್ಮ ಗಲ್ಲಿಯಲ್ಲಿ ಏನು ನಡೆಯುತ್ತದೆ ಎಂಬುದು ಅದಕ್ಕೆ ಗೊತ್ತಿರುವುದಿಲ್ಲ. ಅದನ್ನು ತುಂಬುವುದು ನಮ್ಮ ಕೆಲಸ.

ತುರ್ತು ಕರೆಗಳ ರಿಜಿಸ್ಟರ್ ತೆಗೆದು ಕೂತಾಗ ಉಕ್ಕಿನ ಪೈಪು ಅದರಲ್ಲಿ ಕಾಣಿಸಲೇ ಇಲ್ಲ ಅನ್ನಬಹುದು. ಉಕ್ಕಿಗೆ ತುಕ್ಕು ಹಿಡಿಯದಂತೆ ಕ್ಯಾಥೋಡಿಕ್ ರಕ್ಷಣೆ ಇದೆ, ಅಂದರೆ ಪೈಪಿಗೆ ಸಣ್ಣ ವಿದ್ಯುತ್ ಕೊಡುವ ವ್ಯವಸ್ಥೆ. ಅದರ ವೋಲ್ಟೇಜ್ ಮೈನಸ್ 850 ಮಿಲಿವೋಲ್ಟ್‌ಗಿಂತ ದುರ್ಬಲವಾಗದಂತೆ ನೋಡಿಕೊಳ್ಳುತ್ತಾರೆ. ಲೈನಿನ ಉದ್ದಕ್ಕೂ ಗಸ್ತು ಇದೆ, ಗುರುತಿನ ಕಲ್ಲುಗಳಿವೆ. ಎಲ್ಲರ ಕಣ್ಣೂ ಅದರ ಮೇಲಿದೆ. ಕರೆ ಬರುವುದು 32, 63ರ ಹಳದಿ ಪೈಪಿನಿಂದ. ಕಾರಣವೂ ಬಹುಮಟ್ಟಿಗೆ ಒಂದೇ: ಯಾರೋ ಬೇರೆ ಕೆಲಸಕ್ಕೆ ನೆಲ ಅಗೆದರು. ಇದು ಬೆಳಗಾವಿಯ ವಿಶೇಷ ಏನಲ್ಲ. ಜಗತ್ತಿನ ಯಾವ ಊರಿನ ಗ್ಯಾಸ್ ಎಂಜಿನಿಯರನ್ನು ಕೇಳಿದರೂ ಬೇರೆಯವರ ಅಗೆತವೇ ಮೊದಲ ಶತ್ರು ಎನ್ನುತ್ತಾರೆ. ನಮ್ಮಲ್ಲಿ ಅಗೆತ ಸ್ವಲ್ಪ ಜಾಸ್ತಿಯೇ. 2016ರ ಜನವರಿಯಲ್ಲಿ ಸ್ಮಾರ್ಟ್ ಸಿಟಿಯ ಮೊದಲ ಪಟ್ಟಿಯಲ್ಲಿ ಬೆಳಗಾವಿ ಸೇರಿತು. ಆಮೇಲೆ ರಸ್ತೆ, ಫುಟ್‌ಪಾತ್, ಗಟಾರ, ಕೇಬಲ್, 24 ತಾಸು ನೀರಿನ ಪೈಪು ಎಂದು ಊರಿನ ನೆಲಕ್ಕೆ ಬಿಡುವೇ ಸಿಕ್ಕಿಲ್ಲ.

ಇನ್ನೊಂದು ಸಂಗತಿ ಇದಕ್ಕಿಂತ ಮುಖ್ಯ. ಪೈಪು ಒಡೆದ ಮೇಲೆ ಗ್ಯಾಸ್ ಎಲ್ಲಿಗೆ ಹೋಗುತ್ತದೆ? ಸಿಲಿಂಡರಿನ ಎಲ್‌ಪಿಜಿ ಗಾಳಿಗಿಂತ ಭಾರ, ನೆಲದಲ್ಲೇ ಕೂರುತ್ತದೆ. ಪೈಪಿನ ಗ್ಯಾಸ್ ಹೆಚ್ಚಾಗಿ ಮೀಥೇನ್. ಗಾಳಿಗಿಂತ ಹಗುರ, ಮೇಲೆ ಏರಿ ಚದುರಿಹೋಗುತ್ತದೆ. ಹೊಲದ ನಡುವೆ ಉಕ್ಕಿನ ಲೈನ್ ಸೋರಿದರೆ ಸದ್ದು ಭಯಂಕರ. ಕಿಡಿ ಸಿಕ್ಕರೆ ಉರಿಯುವ ರೀತಿಯೂ ಭಯಂಕರ. ಆದರೆ ಸಣ್ಣ ಸೋರಿಕೆ ಗಾಳಿಗೆ ಹೋಗಿಬಿಡುತ್ತದೆ. ಅದೇ ಸಣ್ಣ ಸೋರಿಕೆ ಹಳೆ ಊರಿನ ಗಲ್ಲಿಯಲ್ಲಿ ಆಗಲಿ. ಗೋಡೆಯಿಂದ ಗೋಡೆಗೆ ಕಾಂಕ್ರೀಟ್, ಇಲ್ಲವೇ ಫರ್ಸಿ ಕಲ್ಲಿನ ಹಾಸು. ಮುಚ್ಚಳ ಹಾಕಿದ ಪಾತ್ರೆಯಂತೆ ಇಡೀ ರಸ್ತೆ. ಗ್ಯಾಸಿಗೆ ಮೇಲೆ ಬರಲು ದಾರಿಯಿಲ್ಲ. ಅದು ಅಡ್ಡಕ್ಕೆ ಹರಿಯುತ್ತದೆ. ಕೇಬಲ್ ಹಾಕಿದ ಪೈಪು, ಗಟಾರ, ಒಳಚರಂಡಿ, ನಳದ ಪೈಪಿನ ಸುತ್ತಲಿನ ಸಡಿಲ ಮಣ್ಣು, ಸಿಕ್ಕ ದಾರಿ ಹಿಡಿದು ಯಾರದೋ ಅಂಗಡಿಯ ನೆಲಮಾಳಿಗೆ ಸೇರುತ್ತದೆ. ಗಾಳಿಯಲ್ಲಿ ಗ್ಯಾಸ್ 5 ಪರ್ಸೆಂಟಿನಿಂದ 15 ಪರ್ಸೆಂಟ್ ಒಳಗೆ ಇದ್ದರೆ ಒಂದು ಸ್ವಿಚ್ಚಿನ ಕಿಡಿ ಸಾಕು. 2021ರ ಜೂನ್ 13ರಂದು ಚೀನಾದ ಶಿಯಾನ್ ಊರಲ್ಲಿ ಆಗಿದ್ದು ಇದೇ. ಮಾರುಕಟ್ಟೆಯ ಕಟ್ಟಡದ ಅಡಿಯಲ್ಲಿ ನೀರು ಹರಿಯುವ ಮುಚ್ಚಿದ ಕಾಲುವೆ. ಅದರಲ್ಲಿ ಹಾದುಹೋದ ಗ್ಯಾಸ್ ಪೈಪು ತುಕ್ಕು ಹಿಡಿದಿತ್ತು. ಸೋರಿದ ಗ್ಯಾಸ್ ಆ ಕಾಲುವೆಯಲ್ಲೇ ತುಂಬಿಕೊಂಡಿತು. 25ಕ್ಕೂ ಹೆಚ್ಚು ಜನ ಸತ್ತರು. ನಮ್ಮ ಹುಡುಗರಿಗೆ ಪಾಠ ಹೇಳುವಾಗ ಒತ್ತಡದ ಮಾತಿಗಿಂತ ಮೊದಲು ನಾನು ಇದನ್ನೇ ಹೇಳುತ್ತೇನೆ.

ಹೀಗಾಗಿ ಪೈಪಿಗೆ ಅಂಕ ಕೊಡುವುದರ ಜೊತೆ ಗಲ್ಲಿಗೂ ಅಂಕ ಕೊಡೋಣ ಎಂದು ಶುರು ಮಾಡಿದೆವು. ಒಂದು ತಿರುವಿನಿಂದ ಇನ್ನೊಂದು ತಿರುವಿನವರೆಗೆ ಒಂದು ತುಂಡು. ಪ್ರತಿ ತುಂಡಿಗೂ ಎರಡೇ ಪ್ರಶ್ನೆ. ಇಲ್ಲಿ ಪೈಪಿಗೆ ಪೆಟ್ಟು ಬೀಳುವ ಸಂಭವ ಎಷ್ಟು? ಪೆಟ್ಟು ಬಿದ್ದರೆ ಗ್ಯಾಸ್ ಎಲ್ಲಿ ಸೇರುತ್ತದೆ, ಅಲ್ಲಿ ಯಾರಿದ್ದಾರೆ? ಎರಡಕ್ಕೂ 1ರಿಂದ 5ರವರೆಗೆ ಅಂಕ, ಆಮೇಲೆ ಗುಣಾಕಾರ. ಕೂಡಿಸುವ ಪದ್ಧತಿಯೂ ಇದೆ, ನನಗೆ ಅದು ಒಗ್ಗುವುದಿಲ್ಲ. ಕೂಡಿಸಿದರೆ ವಿಪರೀತದ ಜಾಗಗಳು ಸಾಧಾರಣ ಜಾಗಗಳ ನಡುವೆ ಅಡಗಿಬಿಡುತ್ತವೆ. ಗುಣಾಕಾರದಲ್ಲೂ ಒಂದು ತೊಡಕಿದೆ. ಪದೇ ಪದೇ ಪೆಟ್ಟು ತಿನ್ನುವ, ಆದರೆ ಬಯಲಲ್ಲಿರುವ ಜಾಗ 5×1. ಪೆಟ್ಟು ಬೀಳುವುದೇ ಅಪರೂಪ, ಆದರೆ ಬಿದ್ದರೆ ಆಸ್ಪತ್ರೆಯ ನೆಲಮಾಳಿಗೆಗೇ ಗ್ಯಾಸ್ ಹೋಗುವ ಜಾಗ 1×5. ಕಾಗದದ ಮೇಲೆ ಎರಡೂ ಒಂದೇ. ನಿಜದಲ್ಲಿ ಒಂದೇ ಅಲ್ಲ. ಅದಕ್ಕೆ ಎರಡನೇ ಪ್ರಶ್ನೆಗೆ 5 ಬಂದ ಗಲ್ಲಿಗಳನ್ನು ಬೇರೆ ಪಟ್ಟಿಗೆ ಹಾಕಿದೆವು. ಗುಣಲಬ್ಧ ಎಷ್ಟೇ ಇರಲಿ, ಆ ಪಟ್ಟಿಯ ಕೆಲಸ ಮೊದಲು. ಡಿಆರ್‌ಎಸ್ ಮತ್ತು ಉಕ್ಕಿನ ಲೈನಿಗೂ ಬೇರೆ ಪಟ್ಟಿಯೇ ಉಳಿಯಿತು.

ಅಂಕವನ್ನು 3.7, 4.2 ಎಂದು ದಶಮಾಂಶದಲ್ಲಿ ಕೊಡಬೇಕು, ಸಾಫ್ಟ್‌ವೇರ್ ತರಿಸಬೇಕು ಎಂಬ ಸಲಹೆಯೂ ಬಂತು. ನಾನು ಬೇಡ ಎಂದೆ. ನಮಗೆ ಗೊತ್ತಿರುವುದೇ ಅಂದಾಜು, ಅದಕ್ಕೆ ದಶಮಾಂಶ ಹಚ್ಚಿದರೆ ಸುಮ್ನೆ ಗೊತ್ತಿದ್ದವರ ಹಾಗೆ ಕಾಣುತ್ತದೆ ಅಷ್ಟೇ. ಅದರ ಬದಲು ಪ್ರತಿ ಅಂಕಕ್ಕೂ ಒಂದು ತಾರೀಖು ಹಾಕಿದೆವು. ಎರಡನೇ ಪ್ರಶ್ನೆಯ ಅಂಕ ಬೇಗ ಬದಲಾಗುವುದಿಲ್ಲ. ನೆಲಮಾಳಿಗೆ ನಾಳೆ ಎದ್ದು ಹೋಗುವುದಿಲ್ಲವಲ್ಲ. ಆದರೆ ಮೊದಲನೆಯದು ಹಾಲಿನಷ್ಟೇ ಬೇಗ ಕೆಡುತ್ತದೆ. ಇಂದು 1 ಇದ್ದ ಗಲ್ಲಿಗೆ ನಾಳೆ ಜೆಸಿಬಿ ಬಂದು ನಿಂತರೆ 5. ಆದ್ದರಿಂದ ಆ ಅಂಕಕ್ಕೆ ಒಂದು ತಿಂಗಳ ಆಯಸ್ಸು ಅಷ್ಟೇ. ತಿಂಗಳಾದ ಮೇಲೆ ಯಾರೂ ನೋಡದಿದ್ದರೆ ಅದು ತಾನಾಗಿ 4 ಆಗುತ್ತದೆ. ಈ ನಿಯಮಕ್ಕೆ ಒಳಗೆ ವಿರೋಧ ಇತ್ತು. ನೋಡದೇ ಬಿಟ್ಟ ಜಾಗ ಸುರಕ್ಷಿತ ಅಂತ ಕಾಗದ ಹೇಳಬಾರದು ಎನ್ನುವುದು ನನ್ನ ವಾದ. ಅದು ಉಳಿಯಿತು.

ಗಲ್ಲಿ ನೋಡುವುದು ಅಂದರೆ ಏನು? ಕಾಲ್ನಡಿಗೆ. ಗಟಾರ ತೆರೆದಿದೆಯೋ ಮುಚ್ಚಿದೆಯೋ, ನೆಲಮಾಳಿಗೆ ಇರುವ ಅಂಗಡಿ ಯಾವುದು, ಅಗ್ನಿಶಾಮಕ ಗಾಡಿ ಒಳಗೆ ಬರುತ್ತದೆಯೋ ಇಲ್ಲವೋ, ಮುಚ್ಚಬೇಕಾದ ವಾಲ್ವ್ ಎಷ್ಟು ದೂರ, ಇವನ್ನು ಬರೆದುಕೊಳ್ಳುವುದು. ಹಳೆಯ ವಾಡೆಗಳಲ್ಲಿ ಧಾನ್ಯ ಹಾಕುವ ನೆಲದೊಳಗಿನ ಹಗೇವು ಈಗಲೂ ಇರಬಹುದು. ಅದನ್ನೂ ಕೇಳಬೇಕು. ಮನೆಯವರೇ ಮರೆತಿರುತ್ತಾರೆ. "ಅಜ್ಜಿ, ಒಳಗ ಹಗೇವು ಐತೇನ್ರಿ?" ಎಂದು ಹಿರಿಯರನ್ನು ಕೇಳಿದರೆ ಹೇಳುತ್ತಾರೆ, ಜೊತೆಗೆ ಚಹಾನೂ ಬರುತ್ತದೆ.

ಮಣ್ಣಿನ ವಿಷಯಕ್ಕೆ ಸ್ವಲ್ಪ ನಿಲ್ಲುತ್ತೇನೆ. ಬೆಳಗಾವಿಯಲ್ಲಿ ಎರಡು ಬಗೆಯ ನೆಲ ಇದೆ. ಕ್ಯಾಂಪ್, ಹಿಂಡಲಗಾ ಕಡೆ ಕೆಂಪು ಮಣ್ಣು, ಕೆಳಗೆ ಜಂಬಿಟ್ಟಿಗೆ. ವಡಗಾವಿ, ಶಹಾಪುರ ದಾಟಿ ಯಳ್ಳೂರ ಕಡೆ ಹೋದರೆ ಭತ್ತದ ಗದ್ದೆಗಳ ಕರಿಮಣ್ಣು. ಎರೆಮಣ್ಣು ಬೇಸಿಗೆಯಲ್ಲಿ ಬಿರಿಯುತ್ತದೆ, ಮಳೆಗಾಲದಲ್ಲಿ ಉಬ್ಬುತ್ತದೆ. ಪ್ಲಾಸ್ಟಿಕ್ ಪೈಪು ಬಾಗುತ್ತದೆ, ತಾಳಿಕೊಳ್ಳುತ್ತದೆ. ತೊಂದರೆ ಬರುವುದು ಪ್ಲಾಸ್ಟಿಕ್ಕು ಕಬ್ಬಿಣಕ್ಕೆ ಸೇರುವ ಜಾಗದಲ್ಲಿ, ಅಂದರೆ ಮನೆಯ ಗೋಡೆಯ ಬುಡದಲ್ಲಿ. ಅಲ್ಲಿ ಗೋಡೆ ಅಲುಗುವುದಿಲ್ಲ, ನೆಲ ಅಲುಗುತ್ತದೆ. ಅಲ್ಲದೆ ಜೇಡಿ ಮಣ್ಣಿನ ಮೂಲಕ ಹಾದು ಬಂದ ಗ್ಯಾಸಿನ ವಾಸನೆ ಮಂಕಾಗಬಹುದು. ಮಣ್ಣು ಆ ವಾಸನೆಯ ಪದಾರ್ಥವನ್ನು ಹೀರಿಕೊಳ್ಳುತ್ತದೆ. ಮೂಗನ್ನೇ ನಂಬಿ ಕೂರುವಂತಿಲ್ಲ ಎಂಬುದಕ್ಕೆ ಇದೂ ಒಂದು ಕಾರಣ.

ಮಳೆಗಾಲದ ಸೋರಿಕೆ ಹುಡುಕಾಟವೂ ಮೋಸ ಮಾಡುತ್ತದೆ. ನಮ್ಮೂರ ಮಳೆ ಗೊತ್ತಲ್ಲ, ಜುಲೈಯಲ್ಲಿ ಬಿಡುವುದೇ ಇಲ್ಲ. ನೆನೆದ ನೆಲ ಗ್ಯಾಸನ್ನು ಒಳಗೇ ಹಿಡಿದಿಡುತ್ತದೆ. ಲೇಸರ್ ಮೀಥೇನ್ ಡಿಟೆಕ್ಟರ್ ಹಿಡಿದು ರಸ್ತೆ ಪೂರ್ತಿ ನಡೆದರೂ ಏನೂ ಸಿಗುವುದಿಲ್ಲ. ಮಳೆ ನಿಂತ ಮೇಲೆ ಅದೇ ರಸ್ತೆಯಲ್ಲಿ ಮುಳ್ಳು ಏರುತ್ತದೆ. ಅದಕ್ಕೆ ನಾವು ಮುಖ್ಯ ಸಮೀಕ್ಷೆಯನ್ನು ಮಳೆ ಮುಗಿದು ನೆಲ ಒಣಗುವಾಗ ಇಟ್ಟುಕೊಂಡೆವು. ಮಳೆಗಾಲದಲ್ಲಿ ರಸ್ತೆಗಿಂತ ಚೇಂಬರ್, ಗಟಾರದ ಬಾಯಿ, ನೆಲಮಾಳಿಗೆ ಇವುಗಳ ಮೇಲೆ ಗಮನ. ಗಟಾರದಲ್ಲಿ ಮೀಥೇನ್ ಸಿಕ್ಕಿತು ಎಂದ ಕೂಡಲೇ ಗಾಬರಿ ಬೀಳುವುದೂ ಬೇಡ. ಕೊಳೆತ ರಾಡಿಯಿಂದಲೂ ಮೀಥೇನ್ ಹುಟ್ಟುತ್ತದೆ. ಪೈಪಿನ ಗ್ಯಾಸಿನಲ್ಲಿ ಅದರ ಜೊತೆ ಸ್ವಲ್ಪ ಈಥೇನ್ ಇರುತ್ತದೆ, ಗಟಾರದ ಗ್ಯಾಸಿನಲ್ಲಿ ಇರುವುದಿಲ್ಲ. ಈಥೇನ್ ಪರೀಕ್ಷೆ ಮಾಡಿದರೆ ಯಾವುದು ಯಾವುದೆಂದು ತಿಳಿಯುತ್ತದೆ.

ಈಗ ಅಗೆಯುವವರ ಮಾತಿಗೆ ಬರುತ್ತೇನೆ. ಪೈಪಿನ ಮೇಲೆ ಸುಮಾರು ಒಂದು ಮೀಟರ್ ಮಣ್ಣು ಇರಬೇಕು. ಅದರ ನಡುವೆ ಎಚ್ಚರಿಕೆಯ ಹಳದಿ ಪಟ್ಟಿ ಇರಬೇಕು. ಹಾಕುವಾಗ ಇದ್ದ ಮಣ್ಣು ಆಮೇಲೆ ಇರುತ್ತದೆ ಎಂದು ಹೇಳಲು ಬರುವುದಿಲ್ಲ. ರಸ್ತೆ ಇಳಿಸಿ ಕಾಂಕ್ರೀಟ್ ಹಾಕಿದಾಗ ಪೈಪು ಮೇಲೆ ಬಂದಂತೆ ಆಗುತ್ತದೆ. ನಕ್ಷೆಯಲ್ಲಿ ಕಾಂಪೌಂಡ್ ಗೋಡೆಯಿಂದ ಇಷ್ಟು ದೂರ ಎಂದು ಅಳತೆ ಬರೆದಿರುತ್ತದೆ. ರಸ್ತೆ ಅಗಲ ಮಾಡುವಾಗ ಗೋಡೆಯೇ ಹೋಯಿತು. ಈಗ ಯಾವ ಗೋಡೆಯಿಂದ ಅಳೆಯುವುದು? ಪ್ಲಾಸ್ಟಿಕ್ ಪೈಪು ಲೋಹ ಹುಡುಕುವ ಯಂತ್ರಕ್ಕೆ ಸಿಗುವುದಿಲ್ಲ. ಜೊತೆಗೆ ತಾಮ್ರದ ತಂತಿ ಹಾಕಿದ್ದರೆ ಸಿಗುತ್ತದೆ. ನೆಲದೊಳಗೆ ನೋಡುವ ರಾಡಾರ್ ಕೆಂಪು ಮಣ್ಣಿನಲ್ಲಿ ತಕ್ಕಮಟ್ಟಿಗೆ ನಡೆಯುತ್ತದೆ. ಒದ್ದೆ ಕರಿಮಣ್ಣಿನಲ್ಲಿ ಅದು ಕುರುಡು, ಅದರ ಅಲೆಗಳನ್ನು ಮಣ್ಣೇ ನುಂಗಿಬಿಡುತ್ತದೆ. ಕೊನೆಗೆ ಉಳಿಯುವ ನಂಬಿಕೆಯ ದಾರಿ ಎಂದರೆ ಕೈಯಿಂದ ಅಡ್ಡಲಾಗಿ ಒಂದು ಸಣ್ಣ ತಗ್ಗು ತೋಡಿ, ಪೈಪನ್ನು ಕಣ್ಣಾರೆ ನೋಡುವುದು. ನಮ್ಮ ಹೆಚ್ಚಿನ ಅಂಕದ ಗಲ್ಲಿಗಳಲ್ಲಿ ಇದನ್ನೇ ಮಾಡಿದೆವು. ಸಿಕ್ಕ ಪೈಪಿಗೆ ಜಿಪಿಎಸ್ ಗುರುತು, ಫೋಟೋ, ಜೊತೆಗೆ ಬೇಗ ಬದಲಾಗದ ಎರಡು ವಸ್ತುಗಳಿಂದ ಅಳತೆ. ಗುಡಿಯ ಮೂಲೆ, ಬಾವಿಯ ಕಟ್ಟೆ, ಹೀಗೆ. ಗುಡಿಯನ್ನು ಯಾರೂ ಅಷ್ಟು ಸುಲಭಕ್ಕೆ ಕೆಡವುವುದಿಲ್ಲ.

ಅಗೆಯುವ ಮುಂಚೆ ತಿಳಿಸುವ ವ್ಯವಸ್ಥೆ ಸರ್ಕಾರದ ಕಡೆಯಿಂದಲೂ ಇದೆ. 2023ರ ಮಾರ್ಚ್‌ನಲ್ಲಿ "ಕಾಲ್ ಬಿಫೋರ್ ಯು ಡಿಗ್" ಎಂಬ ಆ್ಯಪ್ ಬಂತು. ದೊಡ್ಡ ಗುತ್ತಿಗೆದಾರರಿಗೆ ಅದು ಒಳ್ಳೆಯದೇ. ಆದರೆ ನಳದ ಕನೆಕ್ಷನ್ನಿಗೆ ಹಾರೆ ಹಿಡಿದು ಬರುವ ಪ್ಲಂಬರ್ ಆ್ಯಪ್ ತೆಗೆದು ನೋಡುತ್ತಾನೆಯೇ? ಒಬ್ಬ ಮುಕಾದಮ, ಅಂದರೆ ಕೂಲಿಯವರ ಮೇಸ್ತ್ರಿ, ನನಗೆ ಮುಖದ ಮೇಲೇ ಕೇಳಿದರು. "ಸಾಹೇಬ್ರ, ನಿಮ್ಮ ಪೈಪ್ ಇಲ್ಲಿ ಐತಿ ಅಂತ ನನಗ ಹೆಂಗ್ ಗೊತ್ತಾಗಬೇಕ್ರಿ? ಬೋರ್ಡ್ ಅಲ್ಲೆಲ್ಲೋ ಮೂಲ್ಯಾಗ ಹಾಕೀರಿ." ಅವರ ಮಾತು ನ್ಯಾಯವಾಗಿತ್ತು. ಆಮೇಲೆ ಬೋರ್ಡುಗಳನ್ನು ಕನ್ನಡ, ಮರಾಠಿ, ಹಿಂದಿಯಲ್ಲಿ ಮಾಡಿಸಿದೆವು. ಓದಲು ಬಾರದವರಿಗೆ ಗುದ್ದಲಿಯ ಮೇಲೆ ಕಾಟು ಹೊಡೆದ ಚಿತ್ರ. ಫೋನ್ ನಂಬರ್ ದೊಡ್ಡದಾಗಿ.

ಬೋರ್ಡಿಗಿಂತ ಹೆಚ್ಚು ಕೆಲಸ ಮಾಡಿದ್ದು ಬೇರೆ. ಜೆಸಿಬಿ ಚಾಲಕರು, ಮುಕಾದಮರು, ಪ್ಲಂಬರ್‌ಗಳು ಬೆಳಿಗ್ಗೆ ಚಹಾದಂಗಡಿಗಳ ಹತ್ತಿರ ಸೇರುತ್ತಾರೆ. ನಾವು ಅಲ್ಲಿಗೇ ಹೋದೆವು. ಒಂದೇ ಮಾತು ಹೇಳಿದೆವು: ಅಗೆಯುವ ಮುಂಚೆ ಫೋನ್ ಮಾಡಿ, ನಮ್ಮ ಹುಡುಗ ಬಂದು ಸುಣ್ಣ ಹಾಕಿ ಗುರುತು ಮಾಡುತ್ತಾನೆ, ದುಡ್ಡಿಲ್ಲ. ಇನ್ನೊಂದು ಮಾತು ಮೇಲಿನವರಿಗೆ ಒಪ್ಪಿಸಲು ಕಷ್ಟವಾಯಿತು. ಪೈಪಿಗೆ ತಗುಲಿದ್ದನ್ನು ತಾನೇ ಹೇಳಿದವರಿಗೆ ದಂಡ ಹಾಕಬಾರದು. ಯಾಕೆಂದರೆ ದಂಡದ ಹೆದರಿಕೆಗೆ ಜನ ಮುಚ್ಚಿಹಾಕುತ್ತಾರೆ. ಪೂರ್ತಿ ಒಡೆದ ಪೈಪು ತಾನೇ ಕೂಗಿ ಹೇಳುತ್ತದೆ. ಜೆಸಿಬಿಯ ಹಲ್ಲು ಬರೀ ಗೀರಿದ ಪೈಪು ಕೂಗುವುದಿಲ್ಲ. ಗೋಡೆಯ ದಪ್ಪದ 10 ಪರ್ಸೆಂಟಿಗಿಂತ ಆಳದ ಗೀರು ಇದ್ದರೆ ಆ ತುಂಡನ್ನು ಕತ್ತರಿಸಿ ಬೇರೆ ಹಾಕಬೇಕು. ಮಣ್ಣು ಮುಚ್ಚಿಬಿಟ್ಟರೆ ಗೀರು ನಿಧಾನಕ್ಕೆ ಬಿರುಕಾಗುತ್ತದೆ. ವರ್ಷಗಳಾದ ಮೇಲೆ, ಮೇಲೆ ಕಾಂಕ್ರೀಟ್ ಬಿದ್ದ ಮೇಲೆ, ಯಾರಿಗೂ ನೆನಪಿಲ್ಲದಾಗ ಸೋರುತ್ತದೆ. ದಂಡ ಬಿಟ್ಟ ಮೇಲೆ ಗೀರಿನ ಕರೆಗಳು ಜಾಸ್ತಿ ಬಂದವು. ಕೆಲವರು ಇದನ್ನು ನೋಡಿ ಸುರಕ್ಷತೆ ಕೆಟ್ಟಿತು ಎಂದರು. ಕೆಟ್ಟಿರಲಿಲ್ಲ. ಮೊದಲು ಮಣ್ಣಿನಡಿ ಹೋಗುತ್ತಿದ್ದದ್ದು ಈಗ ಕಾಗದಕ್ಕೆ ಬರುತ್ತಿತ್ತು.

ನಮ್ಮೂರ ಗಲ್ಲಿಗಳಲ್ಲಿ ಒಂದು ಅಪಾಯ ಇದೆ, ನಾನು ನೋಡಿದ ಯಾವ ಕೈಪಿಡಿಯಲ್ಲೂ ಸಿಕ್ಕಿಲ್ಲ. ಗಣೇಶೋತ್ಸವದ ಪೆಂಡಾಲು. ನಮ್ಮಲ್ಲಿ ಗಲ್ಲಿಗೊಂದು ಮಂಡಳ, ಮಂಡಳಕ್ಕೊಂದು ಮಂಟಪ. ಕಂಬ ನಿಲ್ಲಿಸಲು ರಸ್ತೆ ಬದಿಯಲ್ಲಿ ಹಾರೆಯಿಂದ ತಗ್ಗು ಹೊಡೆಯುತ್ತಾರೆ, ಇಲ್ಲವೇ ಕಬ್ಬಿಣದ ಗೂಟ ಬಡಿಯುತ್ತಾರೆ. ರಾತ್ರಿ ಕೆಲಸ, ಉತ್ಸಾಹದ ಹುಡುಗರು, ಪೈಪಿರುವುದು ಅದೇ ರಸ್ತೆ ಬದಿಯಲ್ಲಿ. ಮೇಲೆ ಲೈಟಿನ ಸರ, ಜನರೇಟರ್, ಆರತಿಯ ಬೆಂಕಿ, ಹತ್ತು ಹನ್ನೊಂದು ದಿನ ಜನಜಾತ್ರೆ. ಎರಡೂ ಪ್ರಶ್ನೆಗೆ 5 ಅಂಕ. ಹಬ್ಬದ ವಿಷಯದಲ್ಲಿ ಇದು ಬೇಡ, ಅದು ಬೇಡ ಎಂದರೆ ಯಾರೂ ಕೇಳುವುದಿಲ್ಲ, ಕೇಳಬೇಕಾಗಿಯೂ ಇಲ್ಲ. ಮಂಡಳಗಳ ಸಭೆಗೆ ಹೋಗಿ ಪೈಪಿನ ನಕ್ಷೆ ತೋರಿಸಿದೆವು. ಪೈಪಿರುವ ಬದಿಯಲ್ಲಿ ತಗ್ಗಿನ ಬದಲು ಮರಳು ತುಂಬಿದ ಡ್ರಮ್ಮಿನಲ್ಲಿ ಕಂಬ ನಿಲ್ಲಿಸಿ ಎಂದು ಕೇಳಿಕೊಂಡೆವು. ಒಬ್ಬ ಕಾಕಾ, ಮಂಡಳದ ಹಳೆಯ ಅಧ್ಯಕ್ಷರು, "ಗಣಪ್ಪನ್ನ ಕುಂದರಸಾಕ ಡ್ರಮ್ ಏನ್ ತೊಂದ್ರಿ ಇಲ್ಲ ಬಿಡ್ರಿ" ಎಂದು ಅಲ್ಲೇ ಒಪ್ಪಿದರು. ಅವರು ಒಪ್ಪಿದ್ದನ್ನು ನೋಡಿ ಉಳಿದವರೂ ಒಪ್ಪಿದರು. ಎಲ್ಲ ಕಡೆ ಡ್ರಮ್ ಬಂದಿಲ್ಲ, ಇನ್ನೂ ಗೂಟ ಬಡಿಯುವ ಮಂಡಳಗಳಿವೆ. ಅಂಥ ಕಡೆ ನಾವೇ ಹೋಗಿ ಜಾಗ ಗುರುತು ಮಾಡಿ ಕೊಡುತ್ತೇವೆ, ಹಬ್ಬ ಮುಗಿದು ಕಂಬ ಕಿತ್ತ ಮೇಲೆ ಇನ್ನೊಮ್ಮೆ ಮೀಟರ್ ಹಿಡಿದು ನೋಡುತ್ತೇವೆ.

ಎಲ್ಲಕ್ಕಿಂತ ಕಡಿಮೆ ಖರ್ಚಿನಲ್ಲಿ ಜಾಸ್ತಿ ಅಪಾಯ ಇಳಿಸಿದ ಕೆಲಸ ಯಾವುದು ಎಂದು ಕೇಳಿದರೆ, ವಾಲ್ವ್ ಚೇಂಬರಿನ ಮುಚ್ಚಳ ಹುಡುಕಿದ್ದು ಎನ್ನುತ್ತೇನೆ. ಡಾಂಬರು ಬಿದ್ದಾಗ, ಪೇವರ್ ಹಾಸಿದಾಗ ಮುಚ್ಚಳ ಅಡಿಗೆ ಹೋಗುತ್ತದೆ. ನಕ್ಷೆಯಲ್ಲಿ ವಾಲ್ವ್ ಇದೆ, ರಸ್ತೆಯಲ್ಲಿ ಇಲ್ಲ. ಸೋರಿಕೆ ಆದಾಗ ಹತ್ತಿರದ ವಾಲ್ವ್ ಸಿಗದೆ ದೂರದ್ದನ್ನು ಮುಚ್ಚಿದರೆ ಇಡೀ ಬಡಾವಣೆಯ ಒಲೆ ಆರುತ್ತದೆ. ಹುಡುಕಿ, ಮೇಲೆತ್ತಿ, ಹಳದಿ ಬಣ್ಣ ಬಳಿದು, ಮುಚ್ಚಿ ತೆರೆದು ನೋಡಿದೆವು. ವಾಲ್ವ್ ಸಿಗದಿದ್ದರೂ ಉಪಾಯ ಇದೆ. ಪ್ಲಾಸ್ಟಿಕ್ ಪೈಪನ್ನು ಎರಡು ದುಂಡು ಸರಳುಗಳ ನಡುವೆ ಹಿಸುಕಿ ಗ್ಯಾಸ್ ನಿಲ್ಲಿಸಬಹುದು, ಸ್ಕ್ವೀಝ್ ಆಫ್ ಅನ್ನುತ್ತಾರೆ. ಆಗ ಪೈಪಿನ ಮೇಲೆ ಒದ್ದೆ ಬಟ್ಟೆ ಸುತ್ತಿ ಅದರ ತುದಿ ನೆಲಕ್ಕೆ ತಾಗಿಸಬೇಕು. ಪ್ಲಾಸ್ಟಿಕ್ಕಿನ ಮೇಲೆ ಕೂಡುವ ಸ್ಥಿರವಿದ್ಯುತ್ತೇ ಕಿಡಿ ಹಾರಿಸಬಲ್ಲದು.

ಗ್ಯಾಸ್ ಬಂದ್ ಮಾಡುವುದು ಸುಲಭ, ಮತ್ತೆ ಬಿಡುವುದು ಅಪಾಯ. ಇದು ಹೊರಗಿನವರಿಗೆ ತಕ್ಷಣ ಹೊಳೆಯುವುದಿಲ್ಲ. ಒಲೆ ಉರಿಯುತ್ತಿರುವಾಗ ಗ್ಯಾಸ್ ನಿಂತಿತು ಅನ್ನಿ. ಜ್ವಾಲೆ ಆರಿತು, ನಾಬ್ ತೆರೆದೇ ಉಳಿಯಿತು, ಮನೆಯವರು ಹೊರಗೆ ಹೋದರು. ಎರಡು ತಾಸಿನ ಮೇಲೆ ನಾವು ಗ್ಯಾಸ್ ಬಿಟ್ಟರೆ ಅಡುಗೆಮನೆ ತುಂಬ ಗ್ಯಾಸು. ಅದಕ್ಕೆ ಪ್ರತಿ ಮನೆಯ ಹೊರಗಿನ ವಾಲ್ವ್ ಮೊದಲು ಮುಚ್ಚಬೇಕು, ಜಾಲ ತುಂಬಿಸಬೇಕು, ಆಮೇಲೆ ಮನೆ ಮನೆಗೆ ಹೋಗಿ ಒಲೆ ನೋಡಿ ತೆರೆಯಬೇಕು. ಬೀಗ ಹಾಕಿದ ಮನೆಯ ವಾಲ್ವ್ ಮುಚ್ಚಿಯೇ ಇರಬೇಕು. "ಅಡಗಿ ಆಗಬೇಕ್ರೀ, ಜಲ್ದಿ ಬಿಡ್ರಿ" ಎಂದು ಎಷ್ಟೇ ಜನ ಸೇರಲಿ, ಈ ಕ್ರಮ ಬಿಡುವಂತಿಲ್ಲ. ಹಾಗಾಗಿ ಒಂದು ವಾಲ್ವಿನ ಹಿಂದೆ ಎಷ್ಟು ಮನೆ ಇವೆ ಎಂಬುದೂ ಗಲ್ಲಿಯ ಅಂಕಕ್ಕೆ ಸೇರಿತು.

ಅಗ್ನಿಶಾಮಕದವರ ಜೊತೆ, ಹೆಸ್ಕಾಂ ಲೈನ್‌ಮನ್‌ಗಳ ಜೊತೆ ಅಣಕು ಕಾರ್ಯಾಚರಣೆ ಮಾಡಿದೆವು. ಬೆಂಕಿ ಕಂಡರೆ ನೀರು ಹೊಡೆಯುವುದು ಅವರ ಕೈಗೆ ಬಂದ ಅಭ್ಯಾಸ. ಗ್ಯಾಸ್ ಪೈಪಿನ ಬೆಂಕಿಯನ್ನು ಆರಿಸಬಾರದು. ಆರಿಸಿದರೆ ಉರಿಯದ ಗ್ಯಾಸ್ ಎಲ್ಲೆಲ್ಲೋ ಸೇರುತ್ತದೆ. ಸುತ್ತಲಿನ ಗೋಡೆ ತಣ್ಣಗಿಟ್ಟು, ವಾಲ್ವ್ ಮುಚ್ಚುವವರೆಗೆ ಉರಿಯಲು ಬಿಡಬೇಕು. ಹಾಗೆಯೇ ಕರೆಂಟು ತೆಗೆಯುವುದು ಮನೆಯೊಳಗಿನ ಮೇನ್ ಸ್ವಿಚ್ಚಿನಿಂದ ಅಲ್ಲ, ಹೊರಗೆ ದೂರದಿಂದ.

ಡಿಆರ್‌ಎಸ್ ಬಗ್ಗೆ ಎರಡೇ ಮಾತು. 2018ರ ಸೆಪ್ಟೆಂಬರ್ 13ರಂದು ಅಮೆರಿಕದ ಮೆರಿಮ್ಯಾಕ್ ಕಣಿವೆಯ ಊರುಗಳಲ್ಲಿ ನೂರಕ್ಕೂ ಹೆಚ್ಚು ಕಟ್ಟಡಗಳಿಗೆ ಒಂದೇ ಸಂಜೆ ಹಾನಿಯಾಯಿತು. ಹಳೆಯ ಪೈಪು ಬದಲಿಸುವಾಗ, ಒತ್ತಡ ಅಳೆಯುವ ಸಣ್ಣ ಕೊಳವೆ ಬಳಕೆಯಿಂದ ತೆಗೆದ ಹಳೆ ಪೈಪಿನಲ್ಲೇ ಉಳಿದಿತ್ತು. ಒತ್ತಡ ಹಿಡಿತದಲ್ಲಿಡುವ ರೆಗ್ಯುಲೇಟರಿಗೆ ಒತ್ತಡ ಬಿದ್ದಂತೆ ಕಂಡಿತು, ಅದು ಇನ್ನೂ ತೆರೆಯಿತು, ಮನೆಗಳಿಗೆ ಒತ್ತಡ ಮಿತಿ ಮೀರಿ ಹೋಯಿತು. ನಮ್ಮ ಡಿಆರ್‌ಎಸ್‌ಗಳಲ್ಲಿ ಒತ್ತಡ ಏರಿದರೆ ತಟ್ಟನೆ ಮುಚ್ಚುವ ಸ್ಲ್ಯಾಮ್ ಶಟ್ ವಾಲ್ವ್ ಇದೆ. ಆದರೆ ಅದಕ್ಕೂ ಒತ್ತಡ ಗೊತ್ತಾಗುವುದು ಅಂಥದೇ ಸಣ್ಣ ಕೊಳವೆಯಿಂದ. ಆದ್ದರಿಂದ ಪರೀಕ್ಷೆಯ ದಿನ ಹುಡುಗರು ಮೊದಲು ಕೈ ಇಟ್ಟು ನೋಡುವುದು ಆ ಕೊಳವೆಯನ್ನೇ.

ಇನ್ನು ಮನೆಯೊಳಗೆ. ಗ್ಯಾಸಿಗೆ ತನ್ನದೇ ವಾಸನೆ ಇಲ್ಲ. 1937ರ ಮಾರ್ಚ್ 18ರಂದು ಅಮೆರಿಕದ ಟೆಕ್ಸಾಸಿನ ನ್ಯೂ ಲಂಡನ್ ಶಾಲೆಯಲ್ಲಿ ಸೋರಿದ ಗ್ಯಾಸ್ ಯಾರಿಗೂ ತಿಳಿಯದೆ ಸ್ಫೋಟವಾಗಿ ಸುಮಾರು 300 ಜನ ಸತ್ತರು, ಬಹುತೇಕ ಮಕ್ಕಳು. ವಾಸನೆ ಸೇರಿಸುವ ಕಾನೂನು ಅದರ ಬೆನ್ನಿಗೇ ಬಂತು. ಈಗ ಗಾಳಿಯಲ್ಲಿ 1 ಪರ್ಸೆಂಟ್ ಗ್ಯಾಸ್ ಇದ್ದಾಗಲೇ ಮೂಗಿಗೆ ಹೊಡೆಯಬೇಕು ಎಂಬುದು ನಿಯಮ. ವಾಸನೆ ಬಂದರೆ ಸ್ವಿಚ್ ಮುಟ್ಟದೆ ಕಿಟಕಿ ತೆಗೆಯಬೇಕು, ಹೊರಗಿನ ವಾಲ್ವ್ ಮುಚ್ಚಬೇಕು, ಹೊರಗೆ ನಿಂತು ಫೋನ್ ಮಾಡಬೇಕು. ಅಡುಗೆಮನೆಯ ಮೇಲಿನ ಬೆಳಕಿಂಡಿಯನ್ನು ಜನ ಸೊಳ್ಳೆ ಬರುತ್ತದೆಂದು ಮುಚ್ಚುತ್ತಾರೆ. ಮಾಡ್ಯುಲರ್ ಕಿಚನ್ ಮಾಡಿಸಿ ಗ್ಯಾಸ್ ಪೈಪನ್ನು ಪ್ಲೈವುಡ್ ಹಿಂದೆ ಹೂತುಬಿಡುತ್ತಾರೆ. ಹೊರಗಿನ ಜಿಐ (ಸತು ಲೇಪಿಸಿದ ಕಬ್ಬಿಣದ) ಪೈಪಿಗೆ ಹಗ್ಗ ಕಟ್ಟಿ ಬಟ್ಟೆ ಒಣಗಿಸುತ್ತಾರೆ. ಇವನ್ನೆಲ್ಲ ಹೇಳಿ ಹೇಳಿ ಸಾಕಾಗಿದೆ, ಆದರೂ ಹೇಳುತ್ತೇವೆ. ನಾನು ಗಟ್ಟಿಯಾಗಿ ಜಗಳ ಮಾಡುವುದು ಒಂದೇ ವಿಷಯಕ್ಕೆ, ಬಚ್ಚಲಮನೆಯ ಒಳಗಿನ ಗ್ಯಾಸ್ ಗೀಸರಿಗೆ. ಬೆಳಗಾವಿಯ ಚಳಿಯಲ್ಲಿ ಬಾಗಿಲು ಕಿಟಕಿ ಮುಚ್ಚಿ ಸ್ನಾನ ಮಾಡುತ್ತಾರೆ. ಅಲ್ಲಿ ಕೊಲ್ಲುವುದು ಸೋರಿಕೆ ಅಲ್ಲ, ಉರಿಗೆ ಗಾಳಿ ಸಾಲದೆ ಹುಟ್ಟುವ ಕಾರ್ಬನ್ ಮೊನಾಕ್ಸೈಡ್. ಅದಕ್ಕೆ ವಾಸನೆ ಇಲ್ಲ, ನಾವು ಸೇರಿಸಿದ ವಾಸನೆಯೂ ಉರಿದು ಹೋಗಿರುತ್ತದೆ. ಗೀಸರ್ ಹೊರಗಿಡಿ, ನೀರು ಮಾತ್ರ ಒಳಗೆ ಬರಲಿ.

ಸದ್ಯ ಅಂಕಪಟ್ಟಿಯಲ್ಲಿ ಒಂದು ಕಾಲಂ ಖಾಲಿ ಇದೆ. ರಸ್ತೆ ಅಗೆಯದೆ ನೆಲದೊಳಗೇ ಕೊರೆದು ಪೈಪು ಎಳೆಯುವ ಪದ್ಧತಿ ಈಗ ಎಲ್ಲೆಡೆ ಇದೆ. ಹಾಗೆ ಎಳೆದ ಗ್ಯಾಸ್ ಪೈಪು ಒಳಚರಂಡಿಯ ಪೈಪನ್ನು ತೂತು ಮಾಡಿಕೊಂಡು ಹಾದಿರಬಹುದು. ಅದರಿಂದ ವರ್ಷಗಟ್ಟಲೆ ಏನೂ ಆಗುವುದಿಲ್ಲ. ಒಂದು ದಿನ ಚರಂಡಿ ಕಟ್ಟಿಕೊಳ್ಳುತ್ತದೆ, ಸ್ವಚ್ಛ ಮಾಡುವ ಯಂತ್ರದ ಬ್ಲೇಡು ಗ್ಯಾಸ್ ಪೈಪನ್ನೂ ಕತ್ತರಿಸುತ್ತದೆ, ಗ್ಯಾಸ್ ನೇರ ಶೌಚಾಲಯಗಳಿಗೆ ಬರುತ್ತದೆ. ಇಂಥದ್ದು ಇದೆಯೋ ಇಲ್ಲವೋ ತಿಳಿಯಲು ಚರಂಡಿಯೊಳಗೆ ಕ್ಯಾಮೆರಾ ಇಳಿಸಬೇಕು. ಮಳೆ ನಿಂತ ಮೇಲೆ, ಎರಡನೇ ಪ್ರಶ್ನೆಗೆ 5 ಬಂದ ಗಲ್ಲಿಗಳಿಂದ ಇದನ್ನು ಶುರು ಮಾಡುವ ಯೋಚನೆ ಇದೆ. ಅಲ್ಲಿಯವರೆಗೆ ಚರಂಡಿ ಸ್ವಚ್ಛ ಮಾಡುವ ಗಾಡಿಯ ಹುಡುಗರ ಬಳಿ ನಮ್ಮ ನಂಬರ್ ಇದೆ. ಕಟ್ಟಿಕೊಂಡ ಕಡೆ ಬ್ಲೇಡ್ ಬಿಡುವ ಮುಂಚೆ ಅವರು ಫೋನ್ ಮಾಡುತ್ತಾರೆ, ನಾವು ಮೀಟರ್ ಹಿಡಿದು ಹೋಗಿ ನಿಲ್ಲುತ್ತೇವೆ.